ಬಲೆಗೂ ಕಣ್ಣುಂಟು

ಮಲ್ಪೆ ಬಂದರು. ಗುಲಾಬಿಯಕ್ಕನ ಬುಟ್ಟಿಯ ಮುಂದೆ ಮೇಷ್ಟ್ರು. ಕೈಯಲ್ಲಿ ಖಾಲಿ ಚೀಲ. (ಈಚೆಗೆ ಅದು ಹಾಗೇ ಮನೆಗೆ ವಾಪಸಾಗುವುದೇ ಹೆಚ್ಚು.)

ಮೇಷ್ಟ್ರು: ಇದೆಂತ ಗುಲಾಬಿಯಕ್ಕ, ಬಂಗುಡೆಯಾ?

ಗುಲಾಬಿ: ಬಂಗುಡೆಯೇ ಮಾರಾಯ್ರೆ. ಅಂಗನವಾಡಿಯಿಂದ ಸೀದಾ ಬಂದದ್ದು.

ಮೇಷ್ಟ್ರು: ಇದರ ಅಪ್ಪ ಅಮ್ಮ?

ಗುಲಾಬಿ: ಹೋದ ವರ್ಷವೇ ಪುಳಿಮುಂಚಿ ಸಾರು ಆದ್ರು.

ಮೇಷ್ಟ್ರು: ಬಲೆಯ ತುದಿಯ ಕಣ್ಣು 35 ಮಿಲಿಮೀಟರ್ ಇರ್ಬೇಕು ಅಂತ ನಿಯಮ ಉಂಟಲ್ಲ?

ಗುಲಾಬಿ: ಉಂಟು. ಬಲೆಗೂ ಕಣ್ಣುಂಟು. ನೋಡುವವರಿಗೆ ಉಂಟಾ?

ಮೇಷ್ಟ್ರು: ಲೈಟ್ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ 2017ರಲ್ಲೇ ನಿಷೇಧ ಮಾಡಿದೆ.

ಗುಲಾಬಿ: ಅದನ್ನೂ ಲೈಟಾಗಿಯೇ ತಕೊಂಡ್ರು. ರಾತ್ರಿ ಕಡಲಲ್ಲಿ ನಮ್ಮ ಬೀದಿಗಿಂತ ಹೆಚ್ಚು ಬೆಳಕು. ಪಾಪ, ಮೀನುಗಳು ರಾತ್ರಿಶಾಲೆ ಅಂತ ಬರ್ತಾವೆ.

ಮೇಷ್ಟ್ರು: ಮಳೆಗಾಲದಲ್ಲಿ ಮೀನುಗಾರಿಕೆಗೆ 61 ದಿನ ರಜೆ ಕೊಡ್ತಾರಲ್ಲ?

ಗುಲಾಬಿ: ಹೆರಿಗೆ ರಜೆ. ಆಗಸ್ಟ್ ಒಂದಕ್ಕೆ ತೊಟ್ಟಿಲು ಸಮೇತ ಎತ್ತುದು.

ಮೇಷ್ಟ್ರು: ಇಷ್ಟು ಸಣ್ಣದನ್ನು ಯಾರು ತಿನ್ತಾರೆ?

ಗುಲಾಬಿ: ಜನ ತಿನ್ನುದಿಲ್ಲ. ಹೆಚ್ಚಿನದು ಫ್ಯಾಕ್ಟರಿಗೆ ಹೋಗಿ ಹುಡಿ ಆಗ್ತದೆ. ಹುಡಿ ಕೋಳಿಗೆ, ಸಿಗಡಿಗೆ.

ಮೇಷ್ಟ್ರು: ಹಾಗಾದ್ರೆ ನಾನು ಬಂಗುಡೆ ತಿನ್ಬೇಕಾದ್ರೆ?

ಗುಲಾಬಿ: ಕೋಳಿ ತಕೊಳ್ಳಿ.

ಮೇಷ್ಟ್ರು: ಜೂನ್ 8 ವಿಶ್ವ ಸಾಗರ ದಿನ. ಕಡಲು ಉಳಿಸುವ ಬಗ್ಗೆ ಭಾಷಣಕ್ಕೆ ಕರೆದಿದ್ದಾರೆ. ಊಟಕ್ಕೆ ಮೀನೂ ಉಂಟಂತೆ.

ಗುಲಾಬಿ: ಆಗ ಬೋಟೆಲ್ಲ ದಡದಲ್ಲಿ! ಓ, ಐಸಿನಲ್ಲಿಟ್ಟ ಈ ಮಕ್ಕಳೇ ಇರ್ಬೇಕು. ಭಾಷಣ ಸಣ್ಣದು ಮಾಡಿ, ಮೀನಿನ ಅಳತೆಗೆ ಸರಿ ಹೋಗ್ತದೆ.

ಮೇಷ್ಟ್ರು ಅಂದು ಮಟ್ಟುಗುಳ್ಳ ಬದನೆ ಕೊಂಡು ಮನೆಗೆ ಹೋದರು.