ಮೊಳೆರಾಯರು

ಸತ್ಯನಾರಾಯಣ ಪೂಜೆಗೆ ಕರೆದರೆ ಜನ ಮಂಗಳಾರತಿಯ ಹೊತ್ತಿಗೆ ಲೆಕ್ಕ ಹಾಕಿಕೊಂಡು ಬರುತ್ತಾರೆ. ನಮ್ಮ ಬೀದಿಯ ಮೊಳೆರಾಯರು ಮಾತ್ರ ಕಲಶ ಇಡುವ ಮೊದಲೇ ಹಾಜರ್. ಚಪ್ಪಲಿ ಬಿಟ್ಟು, ಕಾಲು ತೊಳೆದು, ನೆಟ್ಟಗೆ ದೇವರ ಮನೆಗೆ ಹೋಗಿ, ಜುಬ್ಬದ ಜೇಬಿನಿಂದ ಭೂತಗನ್ನಡಿ ತೆಗೆದು ಲಕ್ಷ್ಮಿಯ ಪಟಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತುಬಿಡುತ್ತಾರೆ. ಹೊರಗೆ ಪುರೋಹಿತರು ಯಜಮಾನರ ಗೋತ್ರ ಕೇಳುತ್ತಿರುವಾಗ ಒಳಗಿನಿಂದ ತೀರ್ಪು ಕೇಳಿಸುತ್ತದೆ: "ಆಫ್‌ಸೆಟ್!"

ಅದು ಬೈಗುಳವೋ ಆಶೀರ್ವಾದವೋ ಮನೆಯವರಿಗೆ ತಿಳಿಯದು. ರಾಯರೇ ಬಿಡಿಸಿ ಹೇಳುತ್ತಾರೆ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದಾಗ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು ಇಟ್ಟು ಮುದ್ರಿಸುತ್ತಿದ್ದರು. ಹಾಗೆ ಅಚ್ಚಾದ ಲಕ್ಷ್ಮಿಯ ಕೆನ್ನೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣದ ಚುಕ್ಕಿಗಳು ಅಡ್ಡಾದಿಡ್ಡಿ ಚೆದುರಿರುತ್ತವೆ. ಆಫ್‌ಸೆಟ್ ಆದರೆ ಶಿಸ್ತಾಗಿ ಸಾಲು ಹಿಡಿದು ಕೂತಿರುತ್ತವೆ. "ನಿಮ್ಮ ಲಕ್ಷ್ಮಿ ಸಾಲು ಹಿಡಿದಿದ್ದಾಳೆ. ಪೂಜೆಗೇನೂ ಅಡ್ಡಿಯಿಲ್ಲ, ಮಾಡಿ" ಎಂದು ಅಪ್ಪಣೆ ಕೊಟ್ಟು, ಪಂಖದ ಕೆಳಗಿನ ಕುರ್ಚಿ ಹಿಡಿಯುತ್ತಾರೆ.

ಬ್ಯಾಂಕಿನಲ್ಲಿ ಹೆಡ್ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಹನುಮಂತನಗರದಲ್ಲಿ ಎರಡು ರೂಮಿನ ಮನೆ, ಪಿಂಚಣಿ, ಜೊತೆಗೆ 'ಕಲಾನಿಧಿ' ಎಂದು ದುಂಡಗೆ ಬರೆದ ಒಂದು ಲಕೋಟೆ. ತಿಂಗಳಿಗೆ ಐನೂರು ರೂಪಾಯಿ ಅದರೊಳಗೆ ಹೋಗುತ್ತದೆ. ಅವರ ಶ್ರೀಮತಿಯವರು ಸೊಪ್ಪಿನವಳಿಗೆ ಚಿಲ್ಲರೆ ಸಾಲದಿದ್ದಾಗ ಅದೇ ಲಕೋಟೆಗೆ ಕೈ ಹಾಕುವುದರಿಂದ ನಿಧಿ ಎಂದೂ ತುಂಬಿದ್ದಿಲ್ಲ. ದುಡ್ಡಿದ್ದವರು ಚಿತ್ರ ಕೊಳ್ಳುವುದರಲ್ಲಿ ನೋಡುವಂಥದ್ದೇನೂ ಇಲ್ಲ. ಒಳಾಂಗಣ ಮಾಡಿಕೊಡುವವನೇ ಸೋಫಾದ ಬಣ್ಣಕ್ಕೆ ಹೊಂದುವ ಚಿತ್ರ ತಂದು ಬಿಲ್ಲಿಗೆ ಸೇರಿಸುತ್ತಾನೆ. ದುಡ್ಡಿಲ್ಲದ ನಾವೆಲ್ಲ ದಿನಸಿ ಅಂಗಡಿಯ ಕ್ಯಾಲೆಂಡರ್ ತೂಗುಹಾಕಿ, ಅದರ ಮೇಲೇ ಹಾಲಿನ ಲೆಕ್ಕ ಬರೆದುಕೊಂಡು ಸುಖವಾಗಿದ್ದೇವೆ. ಮಧ್ಯದಲ್ಲಿ ಸಿಕ್ಕಿಕೊಂಡಿರುವುದು ರಾಯರ ಪಂಗಡ: ಕಣ್ಣು ದೊಡ್ಡದು, ಲಕೋಟೆ ಸಣ್ಣದು. ಪ್ರತಿ ಬಡಾವಣೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಭಾನುವಾರ ಮಧ್ಯಾಹ್ನ ನೀವು ಕಣ್ಣು ಮುಚ್ಚಿದ ಕೂಡಲೇ ಪಕ್ಕದ ಗೋಡೆಯಲ್ಲಿ ಟಕ್ ಟಕ್ ಶುರುವಾದರೆ ಅವರೇ.

ಅವರ ಮನೆಗೆ ಹೋದವರಿಗೆ ಕಾಫಿಗೆ ಮೊದಲು ಒಂದು ಪರೀಕ್ಷೆ ಇದೆ. ರಾಯರು ಯಾವುದೋ ಚಿತ್ರದ ಪಕ್ಕ ಕೈ ಕಟ್ಟಿ ನಿಂತು, ದನಿ ತಗ್ಗಿಸಿ ಕೇಳುತ್ತಾರೆ: "ಎಷ್ಟು ಕೊಟ್ಟಿರಬಹುದು, ಹೇಳಿ ನೋಡೋಣ?"

ಇದನ್ನು ಹಗುರವಾಗಿ ತೆಗೆದುಕೊಂಡವರು ಕೆಟ್ಟರು. ನೀವು ಹೇಳಿದ ಬೆಲೆ ಅವರು ಕೊಟ್ಟದ್ದಕ್ಕಿಂತ ಹೆಚ್ಚಾಗಿದ್ದರೆ ರಾಯರ ಮುಖ ಅರಳಿ, "ರೀ, ಏಳುನೂರು!" ಎಂದು ಉದ್ಗಾರ ಬಂದು, ಕಾಫಿಯ ಜೊತೆ ಕೋಡುಬಳೆಯೂ ಬರುತ್ತದೆ. ಕಡಿಮೆ ಹೇಳಿದಿರೋ, ಗೋಷ್ಠಿ ಮುಗಿಯಿತು. ಒಮ್ಮೆ ಅವರ ಸೋದರಳಿಯ, ಇಂಜಿನಿಯರ್ ಹುಡುಗ, ಪ್ರಾಮಾಣಿಕವಾಗಿ "ಇನ್ನೂರು?" ಅಂದುಬಿಟ್ಟ. ಅವನ ಮದುವೆಗೆ ರಾಯರು ಹೋಗಿದ್ದು ಊಟದ ಹೊತ್ತಿಗೆ. ನಾವೆಲ್ಲ ಈಗ ಒಂದು ಸೂತ್ರ ಕಂಡುಕೊಂಡಿದ್ದೇವೆ: ಮನಸ್ಸಿಗೆ ತೋಚಿದ್ದನ್ನು ನಾಲ್ಕರಿಂದ ಗುಣಿಸಿ, ಸ್ವಲ್ಪ ಅನುಮಾನಿಸಿದಂತೆ ಮಾಡಿ, ಹೇಳುವುದು. ರಾಯರ ಗೋಡೆಯ ಮೇಲೆ ಜಲಪಾತ, ಎತ್ತಿನ ಬಂಡಿ, ಹಂಪಿಯ ಕಲ್ಲಿನ ರಥ ಎಲ್ಲ ತೂಗುತ್ತಿವೆ ಎಂದು ಹೊಸಬರು ತಿಳಿಯುತ್ತಾರೆ. ಅಲ್ಲಿ ತೂಗುತ್ತಿರುವುದು ಏಳುನೂರು, ಸಾವಿರದ ಇನ್ನೂರು, ಒಂಬೈನೂರು.

ಅವರ ವರ್ಷಕ್ಕೆ ಹಬ್ಬ ಒಂದೇ, ಚಿತ್ರಸಂತೆ. 2004ರಿಂದ ಚಿತ್ರಕಲಾ ಪರಿಷತ್ತು ನಡೆಸಿಕೊಂಡು ಬಂದಿರುವ ಈ ಸಂತೆಗೆ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳೆಲ್ಲ ಬಂದ್. ಶಿವಾನಂದ ಸರ್ಕಲ್ಲಿನ ಕಡೆಯಿಂದ ನಡೆಯುತ್ತ ಹೋದರೆ ಎರಡೂ ಬದಿಗೆ ಚಿತ್ರಗಾರರು. ತಂಜಾವೂರಿನ ಕೃಷ್ಣ, ಮಧುಬನಿಯ ಮೀನು, ವಾರ್ಲಿಯ ಕಡ್ಡಿ ಮನುಷ್ಯರು, ಕೂತಲ್ಲೇ ನಿಮ್ಮ ಮುಖ ಬರೆದುಕೊಡುವ ಹುಡುಗರು, ನಡುವೆ ಚುರುಮುರಿ. ನೂರು ರೂಪಾಯಿಯದೂ ಸಿಕ್ಕುತ್ತದೆ, ಲಕ್ಷದ್ದೂ ಸಿಕ್ಕುತ್ತದೆ. ರಾಯರು ಅಲ್ಲಿಗೆ ಒಂದೇ ದಿನ ಎರಡು ಸಲ ಹೋಗುತ್ತಾರೆ. ಬೆಳಗಿನದು ಸರ್ವೆ. ಮಳಿಗೆ ಮಳಿಗೆಗೂ ನಿಂತು, ಬೇಕಾದ್ದಕ್ಕೆ ಬೆನ್ನು ತಿರುಗಿಸಿ ಬೇಡವಾದ್ದರ ಬೆಲೆ ಕೇಳಿ, ಪುಟ್ಟ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಮನೆಗೆ ಬಂದು ಉಂಡು ಮಲಗುತ್ತಾರೆ. ಸಂಜೆ ಬಿಸಿಲು ಇಳಿದ ಮೇಲೆ ಶ್ರೀಮತಿಯವರ ಸಮೇತ ಎರಡನೆಯ ದಂಡಯಾತ್ರೆ. ಅಷ್ಟು ಹೊತ್ತಿಗೆ ಕಲಬುರಗಿಯಿಂದಲೋ ಕೋಲ್ಕತ್ತದಿಂದಲೋ ಬಂದ ಕಲಾವಿದ ದಿನವಿಡೀ ಕೂತು ಸೋತಿರುತ್ತಾನೆ, ರಾತ್ರಿಯ ರೈಲು ಹಿಡಿಯಬೇಕು, ಮಾರದೆ ಉಳಿದದ್ದನ್ನು ಮತ್ತೆ ಹೊರಬೇಕು.

ರಾಯರು ಚೌಕಾಸಿ ಮಾಡುವುದಿಲ್ಲ. ಕೇಳಿ ನೋಡಿ, ಆಣೆ ಮಾಡಿ ಹೇಳುತ್ತಾರೆ. ಅವರು ಮಾಡುವುದು ನಿಲ್ಲುವುದು. ಚಿತ್ರದ ಮುಂದೆ ನಿಂತು ನಿಟ್ಟುಸಿರು ಬಿಡುವುದು, ಮುಂದೆ ಹೋಗುವುದು, ತಿರುಗಿ ಬರುವುದು, ಮತ್ತೆ ನಿಟ್ಟುಸಿರು. ಮೂರನೆಯ ಸುತ್ತಿಗೆ ಕಲಾವಿದನೇ ಬೇಸತ್ತು "ಎಷ್ಟು ಕೊಡ್ತೀರಿ ಸಾರ್?" ಅನ್ನುತ್ತಾನೆ. ನನ್ನನ್ನು ಕೇಳಿದರೆ ಇದು ಚೌಕಾಸಿಗಿಂತ ಕೆಟ್ಟದ್ದು. ಚೌಕಾಸಿಯಲ್ಲಿ ಎದುರಿನವನಿಗೂ ಒಂದು ಬಾಯಿ ಇರುತ್ತದೆ. ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ರಾಯರು ಗೆದ್ದ ಹೆಜ್ಜೆ ಹಾಕುವಾಗ ಶ್ರೀಮತಿಯವರು "ಕರ್ಚೀಫು ಬಿಟ್ಟು ಬಂದೀನಿ, ನೀವು ನಡೀರಿ" ಎಂದು ಹಿಂದಕ್ಕೆ ಹೋಗುತ್ತಾರೆ. ಪ್ರತಿ ವರ್ಷ ಕರ್ಚೀಫು ಅಲ್ಲೇ ಬಿಟ್ಟುಹೋಗುತ್ತದೆ. ರಾಯರು ಇಳಿಸಿದ ಇನ್ನೂರೋ ಮುನ್ನೂರೋ ಆ ಕರ್ಚೀಫಿನ ಗಂಟಿನಿಂದ ಕಲಾವಿದನ ಕೈಗೆ ಹೋಗುವುದು ನಮ್ಮ ಬೀದಿಗೆಲ್ಲ ಗೊತ್ತು, ರಾಯರೊಬ್ಬರಿಗೆ ಬಿಟ್ಟು. 2021ರಲ್ಲಿ ಕೊರೊನಾದಿಂದಾಗಿ ಸಂತೆ ಆನ್‌ಲೈನ್ ಆಯಿತು. ಮೊಬೈಲಿನ ಮುಂದೆ ಎಷ್ಟು ನಿಟ್ಟುಸಿರು ಬಿಟ್ಟರೂ ಬೆಲೆ ಕದಲಲಿಲ್ಲ. ಆ ವರ್ಷ ರಾಯರು ಏನೂ ಕೊಳ್ಳಲಿಲ್ಲ. ರಕ್ತದೊತ್ತಡದ ಮಾತ್ರೆ ಮಾತ್ರ ಹೆಚ್ಚಾಯಿತು.

ಚಿತ್ರ ಬಂದಾಯಿತು, ಕಟ್ಟು ಹಾಕಿಸಬೇಕಲ್ಲ. ಬಡ ರಸಿಕ ಮಣ್ಣುಮುಕ್ಕುವುದು ಇಲ್ಲೇ. ಏಳುನೂರರ ಚಿತ್ರವನ್ನು ಅವೆನ್ಯೂ ರಸ್ತೆಯ ಕಡೆ ಒಯ್ದರೆ ಅಂಗಡಿಯವನು ಬೀಡಿಂಗು, ಮೌಂಟು, ಗಾಜು, ಹಿಂದಿನ ಹಲಗೆ ಎಂದು ಅಳೆದು ಸುರಿದು ಸಾವಿರದ ನಾನೂರು ಅನ್ನುತ್ತಾನೆ. ಮೌಂಟು ಬೇಡವೆನ್ನುವ ಹಾಗಿಲ್ಲ. ಚಿತ್ರಕ್ಕೂ ಗಾಜಿಗೂ ನಡುವೆ ಆ ರಟ್ಟಿನ ಅಂತರ ಇರದಿದ್ದರೆ ಮಳೆಗಾಲದ ತೇವಕ್ಕೆ ಬಣ್ಣ ಗಾಜಿಗೇ ಅಂಟಿಕೊಳ್ಳುತ್ತದೆ ಎಂದು ರಾಯರೇ ಊರಿಗೆಲ್ಲ ಉಪದೇಶ ಮಾಡಿದ್ದಾರೆ. ಇದಕ್ಕೆ ಅವರು ಕಂಡುಕೊಂಡ ಪರಿಹಾರ ಅಶ್ವತ್ಥಕಟ್ಟೆ. ಹಳೆಯ ದೇವರ ಪಟಗಳನ್ನು ಕಸಕ್ಕೆ ಹಾಕಲಾರದೆ ಜನ ಮರದ ಬುಡದಲ್ಲಿ ಇಟ್ಟು ಕೈಮುಗಿದು ಹೋಗುತ್ತಾರಷ್ಟೆ? ರಾಯರು ಬೆಳಗಿನ ವಾಕಿಂಗಿನಲ್ಲಿ ಅಲ್ಲಿಗೆ ಹೋಗಿ ಮೂರು ಪ್ರದಕ್ಷಿಣೆ ಹಾಕುತ್ತಾರೆ. ಮೊದಲನೆಯದು ಭಕ್ತಿಯದು, ಎರಡನೆಯದು ಭೂತಗನ್ನಡಿಯದು, ಮೂರನೆಯದು ಟೇಪಿನದು. ದೇವರನ್ನು ಅಲ್ಲೇ ನಮಸ್ಕರಿಸಿ ಬಿಟ್ಟು ತೇಗದ ಕಟ್ಟನ್ನಷ್ಟೇ ತರುತ್ತಾರೆ. "ಬ್ಯಾರೆಯವರ ಮನೀ ದೇವ್ರು ಕೂತಿದ್ದ ಜಾಗದಾಗ ನೀವು ಎಮ್ಮೀ ಚಿತ್ರ ಕೂಡಸ್ತೀರಿ" ಎಂದು ಧಾರವಾಡದಿಂದ ಬಂದ ಶ್ರೀಮತಿಯವರು ಅಂಗಳದಲ್ಲೇ ತಡೆದು ನೀರು ಚಿಮುಕಿಸಿ ಒಳಗೆ ಬಿಡುತ್ತಾರೆ. ಕಟ್ಟಿನ ಅಳತೆಗೆ ಎಮ್ಮೆ ಹೊಂದದಿದ್ದರೆ ಎಮ್ಮೆಯ ಬಾಲ ಮೌಂಟಿನಡಿ ಹೋಗುತ್ತದೆ.

ಗೋಡೆಯ ಪುರಾಣವನ್ನು ಉದ್ದ ಮಾಡುವುದಿಲ್ಲ. ಚಿತ್ರದ ನಡುಮಧ್ಯ ನೆಲದಿಂದ ಐವತ್ತೇಳು ಅಂಗುಲ ಎತ್ತರದಲ್ಲಿರಬೇಕು, ಅದು ಗ್ಯಾಲರಿಗಳ ಪದ್ಧತಿ ಎಂದು ರಾಯರ ಹಟ. ನಮ್ಮ ಅಜ್ಜಂದಿರ ಕಾಲದಲ್ಲಿ ಪಟಗಳೆಲ್ಲ ಸೂರಿನ ಹತ್ತಿರ ಮುಂದಕ್ಕೆ ಬಾಗಿ ಕೂತವರನ್ನು ಗದರಿಸುತ್ತಿದ್ದವು, ಹಿಂದೆ ಗುಬ್ಬಿ ಸಂಸಾರ ಹೂಡುತ್ತಿತ್ತು. ರಾಯರು ಅದನ್ನೆಲ್ಲ ಇಳಿಸಿದರು. ಇಳಿಸಿದ್ದರಿಂದ ಸೋಫಾದಲ್ಲಿ ಒರಗಿದವರ ತಲೆಯೆಣ್ಣೆ ಹಂಪಿಯ ರಥದ ಚಕ್ರಕ್ಕೇ ತಾಗಿತು. ಈಗ ಸೋಫಾ ಗೋಡೆಯಿಂದ ಒಂದಡಿ ಮುಂದಿದೆ, ಟೀವಿ ನೋಡುವವರ ಮೊಣಕಾಲು ಟೀವಿಗೆ ತಾಗುತ್ತದೆ. ಸ್ಟೀಲ್ ಮೊಳೆ ಕಾಂಕ್ರೀಟಿಗೆ ಬಡಿದು ಹಾರಿ, ಗಾರೆ ಅಂಗೈಯಗಲ ಉದುರಿ, ಆ ಗುಂಡಿ ಮುಚ್ಚಲೆಂದೇ ಇನ್ನೊಂದು ಚಿತ್ರ ಬಂದ ಉದಾಹರಣೆಗಳೂ ಇವೆ. ಅವರ ಸಂಗ್ರಹದ ಕಾಲುಭಾಗ ಹೀಗೇ ಬೆಳೆದದ್ದು.

ಹಜಾರದ ಮುಖ್ಯ ಗೋಡೆಯಲ್ಲಿ ದೀಪ ಹಿಡಿದ ಹೆಂಗಸಿನ ಮುದ್ರಣವೊಂದಿದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಮೂಲವನ್ನು ನೋಡಿ ಬಂದ ಯಾರನ್ನೇ ಕೇಳಿ, "ರವಿವರ್ಮ" ಅನ್ನುತ್ತಾರೆ. ರಾಯರು ಕಾಯುವುದೇ ಅದಕ್ಕೆ. "ರವಿವರ್ಮ 1906ರಲ್ಲೇ ಹೋದರು ಸ್ವಾಮಿ. ಇದು 1940ರ ದಶಕದ್ದು, ಹಾಲ್ದಣಕರ್ ಬರೆದದ್ದು. ತೈಲವೂ ಅಲ್ಲ, ಬರೀ ಜಲವರ್ಣ. ದೀಪ ಹಿಡಿದವಳು ಅವರ ಸ್ವಂತ ಮಗಳು." ಒಂದೇ ಉಸಿರಿಗೆ ನಾಲ್ಕು ಏಟು. ಬೀಗರು, ಅಳಿಯಂದಿರು, ಎಲ್‌ಐಸಿ ಏಜೆಂಟರು ಎಲ್ಲ ಈ ಗೋಡೆಯ ಕೆಳಗೆ ಉರುಳಿದ್ದಾರೆ. ಪಾಠ ಕಲಿತು ಮುಂದಿನ ಸಲ ಯಾರಾದರೂ ತಾವಾಗಿ "ಹಾಲ್ದಣಕರ್" ಅಂದರೆ ರಾಯರಿಗೆ ಅಂಥವರನ್ನು ಕಂಡರಾಗುವುದಿಲ್ಲ.

ಜಾಗ ಮುಗಿದ ಮೇಲೆ ಹೆಚ್ಚುವರಿ ಚಿತ್ರಗಳು ಗೃಹಪ್ರವೇಶಗಳಿಗೆ ಹೋಗತೊಡಗಿದವು. ಎಲ್ಲರೂ ಗೋಡೆಗಡಿಯಾರ ಕೊಟ್ಟರೆ ರಾಯರು ಚಿತ್ರ ಕೊಡುತ್ತಾರೆ. ಕೊಟ್ಟು ಸುಮ್ಮನಿರುವುದಿಲ್ಲ, ವಿಚಾರಿಸಿಕೊಳ್ಳಲು ಬರುತ್ತಾರೆ. ಬೀದಿಯ ಹೆಂಗಸರ ವಾಟ್ಸಾಪಿನಲ್ಲಿ "ರಾಯರು ಹೊರಟರು" ಎಂಬ ಸುದ್ದಿ ಬಂದ ಕೂಡಲೇ ಆಯಾ ಮನೆಯ ಸಜ್ಜಾದಿಂದ ಅವರ ಚಿತ್ರ ಇಳಿಯುತ್ತದೆ, ವಾಸ್ತುವಿಗೆಂದು ತೂಗುಹಾಕಿದ ಏಳು ಕುದುರೆಗಳು ಮೊಳೆ ಬಿಟ್ಟುಕೊಟ್ಟು ಮಂಚದಡಿ ಓಡುತ್ತವೆ. ನಮ್ಮ ಮನೆಯಲ್ಲಿ ಅವಸರಕ್ಕೆ ಎಮ್ಮೆ ಒರೆಸದೇ ತೂಗಿಬಿಟ್ಟೆವು. ರಾಯರು ಗಾಜಿನ ಮೇಲಿನ ಧೂಳಿನಲ್ಲಿ ಬೆರಳಾಡಿಸಿ ತಮ್ಮ ರುಜು ಹಾಕಿ ಹೋದರು.

ಇಷ್ಟೆಲ್ಲ ನಡೆದಿದ್ದರೂ ಶ್ರೀಮತಿಯವರ ಸಾಮಾನು ಒಳಕೋಣೆಯಲ್ಲೇ ಇತ್ತು. ಮಣಿಯ ಗಿಣಿ, ಉಲ್ಲನ್ನಿನ 'ಸುಸ್ವಾಗತ', ಮತ್ತು ಅವರ ತಾಯಿ ಕಸೂತಿ ಹಾಕಿದ್ದ ಚಂದ್ರಕಾಳಿ ಸೀರೆಯ ಸೆರಗಿನ ತುಂಡು. ಹೋದ ವರ್ಷ ರಾಯರ ಗೆಳೆಯರ ಮಗಳು, ಚಿತ್ರಕಲೆ ಓದುತ್ತಿರುವವಳು, ಬಂದಿದ್ದಳು. ರಾಯರು ಎಂದಿನಂತೆ ಕೈ ಕಟ್ಟಿ ನಿಂತು ಬೆಲೆ ಕೇಳಿದರು. ಹುಡುಗಿ "ಗೊತ್ತಾಗಲ್ಲ ಅಂಕಲ್" ಎಂದು, ನೀರು ಕುಡಿಯಲು ಒಳಗೆ ಹೋದವಳು ಮರಳಲೇ ಇಲ್ಲ. ಹೋಗಿ ನೋಡಿದರೆ ಆ ಕಪ್ಪು ಸೆರಗನ್ನು ಮಂಚದ ಮೇಲೆ ಹರಡಿಕೊಂಡು ಕೂತಿದ್ದಾಳೆ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ. ಬಟ್ಟೆಯ ಎಳೆ ಎಣಿಸಿ ಹಾಕಿದ ಹೊಲಿಗೆ, ಎಲ್ಲೂ ಗಂಟಿಲ್ಲ. ಗವಂತಿ ಹೊಲಿಗೆಯಾದ್ದರಿಂದ ಹಿಂದೆ ತಿರುಗಿಸಿದರೂ ಅದೇ ಗೋಪುರ, ಅದೇ ತೇರು. "ಇದಕ್ಕೆ ಎಷ್ಟು ಕೊಟ್ರಿ ಆಂಟಿ?"

"ನಮ್ಮವ್ವ ಹಾಕಿದ್ದು. ಕೊಡೋದೇನು ಬಂತವ್ವಾ?"

ಬಾಗಿಲಲ್ಲಿ ನಿಂತಿದ್ದ ರಾಯರ ಮೈಯೆಲ್ಲ ಜುಮ್ಮೆಂದಿತು. ಇಷ್ಟು ವರ್ಷ ಸಂತೆ ಸುತ್ತಿ, ಕಟ್ಟೆ ಸುತ್ತಿ ಅವರು ಇಳಿಸಿದ ಅತಿ ಕಡಿಮೆ ಬೆಲೆ ತೊಂಬತ್ತು ರೂಪಾಯಿ. ಇಲ್ಲಿ ಒಳಮನೆಯ ಟ್ರಂಕಿನಲ್ಲಿ ಸೊನ್ನೆ ಬಿದ್ದಿತ್ತು!

ಮಾರನೆಯ ದಿನವೇ ಸೆರಗು ಕಟ್ಟು ಹಾಕುವವನಲ್ಲಿಗೆ ಹೋಯಿತು. ಎರಡೂ ಮುಖ ಕಾಣಬೇಕಲ್ಲ, ಹಿಂದೆ ಹಲಗೆ ಬೇಡ, ಆ ಕಡೆಗೂ ಗಾಜು ಎಂದು ರಾಯರು ನಿಂತು ಮಾಡಿಸಿದರು. ಲಕೋಟೆ ಖಾಲಿಯಾಗಿ ಪಿಂಚಣಿಗೂ ಕೈ ಬಿತ್ತು. ಆದರೆ ಅವರ ಲೆಕ್ಕದಲ್ಲಿ ಕಟ್ಟಿನ ದುಡ್ಡು ಚಿತ್ರದ ಬೆಲೆಗೆ ಸೇರುವುದಿಲ್ಲ. ಎರಡು ಮುಖದ ಚಿತ್ರವನ್ನು ಗೋಡೆಗೆ ಹಾಕಿದರೆ ಒಂದು ಮುಖ ವ್ಯರ್ಥ. ಹೀಗಾಗಿ ಹಜಾರದಿಂದ ಅಡುಗೆಮನೆಗೆ ಹೋಗುವ ದಾರಿಯ ಮಧ್ಯೆ, ಸೂರಿನ ಕೊಕ್ಕೆಗೆ ಎರಡು ಸರಪಳಿ ಕಟ್ಟಿ, ನಡುಮಧ್ಯ ಐವತ್ತೇಳು ಅಂಗುಲಕ್ಕೆ ಸರಿಯಾಗಿ ತೂಗುಬಿಟ್ಟರು. ರಾಯರು ಗಿಡ್ಡ, ಪಕ್ಕದಲ್ಲಿ ನುಸುಳುತ್ತಾರೆ. ಶ್ರೀಮತಿಯವರು ಸಾರಿನ ಪಾತ್ರೆ ಹಿಡಿದು ಬಗ್ಗಿ ಬರುತ್ತಾರೆ. "ನಮ್ಮವ್ವ ಬದುಕಿದ್ದಾಗೂ ಇವ್ರು ಇಷ್ಟು ಬಗ್ಗಿಸಿರಲಿಲ್ಲ ನನ್ನ" ಅನ್ನುತ್ತಾರೆ. ಮಿಕ್ಕವರಿಗೆಲ್ಲ ಹಣೆ.

ಮೊನ್ನೆ ಸಿಲಿಂಡರ್ ತರುವ ಹುಡುಗ ನಮ್ಮ ಮನೆಗೆ ಬಂದಾಗ ಅವನ ಹಣೆಯ ಮೇಲೆ ನೆಲ್ಲಿಕಾಯಿಯಷ್ಟು ಬುಗುಟು.

"ರಾಯರ ಮನೆಯಿಂದ ಬಂದೆಯಾ?"

"ಹೂಂ ಸಾರ್. ಎರಡೂ ಕಡೆ ತೋರಿಸಿದ್ರು. ಆಮೇಲೆ ಎಷ್ಟಿರಬೋದು ಹೇಳು ಅಂದ್ರು."

"ಏನಂದೆ?"

"ತಲೆ ಧಿಂ ಅಂತಿತ್ತು ಸಾರ್, ಬಾಯಿಗೆ ಬಂದಿದ್ದು ಇಪ್ಪತ್ತು ಸಾವಿರ ಅಂದೆ. ಕಾಫಿ ಕೊಟ್ಟು, ಐವತ್ತು ರೂಪಾಯಿ ಕೈಗಿಟ್ಟು, ಇನ್ನೊಂದ್ಸಲ ಹೇಳು ಅಂದ್ರು."