ಜೆರಾಕ್ಸ್ ಮಾವ

ಸಾವಿನ ಮನೆಗೆ ಹೋದವರಿಗೆ ಏನು ಮಾತಾಡಬೇಕೆಂದು ತೋಚುವುದಿಲ್ಲ. ನಮ್ಮ ಜೆರಾಕ್ಸ್ ಮಾವನಿಗೆ ಆ ಕಷ್ಟ ಬಂದದ್ದೇ ಇಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೋದವರಿಗೆ ಕೈಮುಗಿದು, ಗೋಡೆಗೊರಗಿ ಅಳುತ್ತಿರುವ ಹಿರಿಮಗನ ಪಕ್ಕ ಕೂತು, ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳುತ್ತಾರೆ: "21 ದಿನದೊಳಗೆ ಮರಣ ನೋಂದಣಿ ಮಾಡಿಸಿಬಿಡಪ್ಪ. ಆಮೇಲಾದ್ರೆ ದಂಡ, ಅಫಿಡವಿಟ್ಟು, ಇಲ್ಲದ ರಗಳೆ. ಹೆಸರು ಮಾತ್ರ ಆಧಾರ್‌ನಲ್ಲಿ ಇದ್ದ ಹಾಗೇ ಬರೆಸು. ರೇಷನ್ ಕಾರ್ಡಿಂದ ತೆಗೆಸಬೇಕಲ್ಲ." ಅಲ್ಲಿದ್ದ ಹೆಂಗಸರು ಮುಖ ಸಿಂಡರಿಸುತ್ತಾರೆ. ಹಿರಿಮಗ ಮಾತ್ರ ಬಿಕ್ಕುತ್ತಲೇ ತಲೆಯಾಡಿಸುತ್ತಾನೆ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅದೇ ಹುಡುಗ ಮಾವನ ಮನೆ ಹುಡುಕಿಕೊಂಡು ಬರುತ್ತಾನೆ. ಬಂದೇ ಬರುತ್ತಾನೆ.

ಇವರು ನನ್ನ ಹೆಂಡತಿಯ ಸೋದರಮಾವ. ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಪಿಂಚಣಿಯಿಲ್ಲ, ಹೊಲವಿಲ್ಲ. ಇರುವುದು ಶೀಟಿನ ಮನೆ ಮತ್ತು ಒಂದು ಕವರು. ಆ ಕವರು ಯಾವ ಕಾಲದ್ದೋ, ಯಾವುದೋ ಜವಳಿ ಅಂಗಡಿಯವರು ರೇಷ್ಮೆ ಸೀರೆ ಹಾಕಿಕೊಟ್ಟಿದ್ದು. ಸೀರೆ ಹರಿದು ಕೌದಿಯಾಯಿತು, ಕವರು ಉಳಿದಿದೆ. ಜಿಪ್ಪು ಹೋದದ್ದಕ್ಕೆ ಎರಡು ರಬ್ಬರ್ ಬ್ಯಾಂಡು. ಒಳಗೆ ಮನೆಮಂದಿಯ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕರೆಂಟ್ ಬಿಲ್ಲು, ಮನೆ ಕಂದಾಯದ ರಸೀದಿ, ಅತ್ತೆಯ ಟಿ.ಸಿ., ಬೆಂಕಿಪೊಟ್ಟಣದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋಗಳು, ನೂಲು ಕಟ್ಟಿದ ಪೆನ್ನು. ಪೆನ್ನನ್ನು ಯಾರಿಗಾದರೂ ಕೊಡುತ್ತಾರೆ, ನೂಲಿನ ಇನ್ನೊಂದು ತುದಿ ಮಾತ್ರ ತಮ್ಮ ಬೆರಳಿಗೇ ಸುತ್ತಿರುತ್ತಾರೆ.

ಇಂಥವರು ನಿಮ್ಮೂರಿನಲ್ಲೂ ಇದ್ದಾರೆ. ನಾಡಕಚೇರಿಯ ಹುಣಸೆಮರದ ಕೆಳಗೋ ಗ್ರಾಮ ಒನ್ ಕೇಂದ್ರದ ಮೆಟ್ಟಿಲ ಮೇಲೋ ನೋಡಿ. ಬ್ರೋಕರ್ ಅಲ್ಲ, ಕಾಸು ಮುಟ್ಟುವುದಿಲ್ಲ. ಯಾರ ಅರ್ಜಿ ಕಂಡರೂ ಒಮ್ಮೆ ಇಸಿದುಕೊಂಡು ಓದದೆ ಇರಲಾರರು. ತಹಶೀಲ್ದಾರರು ವರ್ಗವಾಗಿ ಬರುವ ಮುಂಚೆಯೇ ಅವರ ಹಿಂದಿನ ಊರು ಇವರಿಗೆ ಗೊತ್ತು. ಸರ್ವರ್ ಯಾವ ಹೊತ್ತಿನಲ್ಲಿ ಎದ್ದಿರುತ್ತದೆ, ಯಾವ ಹೊತ್ತಿನಲ್ಲಿ ಮಲಗುತ್ತದೆ ಎಂಬುದು ಸರ್ವರಿಗಿಂತ ಚೆನ್ನಾಗಿ ಗೊತ್ತು. ತಿದ್ದುಪಡಿಗೆ ಇಂದು ಅವಕಾಶ ಬಿಟ್ಟಿದ್ದಾರಂತೆ ಎಂಬ ಸುದ್ದಿ ಪತ್ರಿಕೆಗೆ ಬರುವಷ್ಟರಲ್ಲಿ ಆ ಅವಕಾಶ ಮುಚ್ಚಿಯೂ ಆಗಿರುತ್ತದಲ್ಲ, ಅಂಥ ಹೊತ್ತಿನಲ್ಲಿ ಸಾಲಿನ ಮೊದಲಲ್ಲಿ ನಿಂತವರು ಇವರೇ ಆಗಿರುತ್ತಾರೆ.

ಎಂ.ಎ. ಓದಿ, ನಾಲ್ಕು ಜನ ಓದುವಂತೆ ಬರೆಯುತ್ತೇನೆಂದುಕೊಂಡಿರುವ ನನಗೆ ಮಾವನ ಆಡಳಿತದಲ್ಲಿ ಸಿಕ್ಕಿರುವ ಹುದ್ದೆ ಸ್ಕೂಟರ್ ಡ್ರೈವರಿನದು. "ಅಳಿಯಂದ್ರೆ, ಬಿಡುವಾಗಿದ್ದೀರಾ?" ಎಂದು ಫೋನ್ ಮಾಡುವ ಹೊತ್ತಿಗೆ ಅವರು ನಮ್ಮ ಗೇಟಿನ ಹತ್ತಿರ ನಿಂತಿರುತ್ತಾರೆ. ಹಿಂದೆ ಕೂತು, ಕವರನ್ನು ನನ್ನ ಬೆನ್ನಿಗೂ ತಮ್ಮ ಎದೆಗೂ ನಡುವೆ ಇಟ್ಟು, ದಾರಿಯುದ್ದಕ್ಕೂ ಬಡತನದ ವ್ಯಾಖ್ಯಾನ ಮಾಡುತ್ತಾರೆ. "ಬಡವ ಅಂದ್ರೆ ಯಾರು ಅಳಿಯಂದ್ರೆ? ವರ್ಷಕ್ಕೆ 1.2 ಲಕ್ಷದೊಳಗೆ ಆದಾಯ. ಒಣಭೂಮಿ 3 ಹೆಕ್ಟೇರ್ ಮೀರಬಾರದು. ಪಟ್ಟಣದಲ್ಲಾದ್ರೆ ಮನೆ 1000 ಚದರಡಿ ದಾಟಬಾರದು. ಸರ್ಕಾರಿ ನೌಕರಿ ಇರಬಾರದು. ವೈಟ್ ಬೋರ್ಡ್ ಕಾರು ಇರಬಾರದು. ಯೆಲ್ಲೋ ಬೋರ್ಡ್ ಪರವಾಗಿಲ್ಲ, ಅದು ಹೊಟ್ಟೆಪಾಡು." ಎದುರಿಗೆ ಬಂದ ಕಾರುಗಳ ಬೋರ್ಡು ನೋಡುತ್ತ ಅವುಗಳ ಮಾಲೀಕರನ್ನು ಬಿಪಿಎಲ್‌ಗೋ ಎಪಿಎಲ್‌ಗೋ ಸೇರಿಸುತ್ತ ಬರುತ್ತಾರೆ.

ಇಷ್ಟನ್ನೂ ಸಹಿಸಿಕೊಂಡೇನು. ಸಹಿಸಲಾಗದ್ದು ಅವರ ಒಂದು ಮಾತು: "ಯಾವುದಕ್ಕೂ ಇರ್ಲಿ."

ನಮ್ಮನೆಗೆ ಪಾತ್ರೆ ತೊಳೆಯಲು ಬರುವಾಕೆಯ ಕಥೆ ಕೇಳಿ. ಮದುವೆಯಾಗಿ ಮಗು ಹುಟ್ಟಿ ನಡೆದಾಡುತ್ತಿದ್ದರೂ ಅವಳ ಹೆಸರು ಇನ್ನೂ ತವರಿನ ರೇಷನ್ ಕಾರ್ಡಿನಲ್ಲೇ ಇತ್ತು. ಅಲ್ಲಿಂದ ತೆಗೆಸದೆ ಗಂಡನ ಮನೆಯ ಕಾರ್ಡಿಗೆ ಸೇರಿಸುವಂತಿಲ್ಲ. ಆಗ ತಲೆಗೆ ತಿಂಗಳಿಗೆ 10 ಕೆ.ಜಿ. ಅಕ್ಕಿ. ಮಗಳನ್ನು ಧಾರೆಯೆರೆದು ಕೊಟ್ಟ ತಾಯಿ ಹೆಸರು ಕೊಡಲು ಒಪ್ಪಲಿಲ್ಲ. ಇತ್ತ ಅತ್ತೆಗೂ ಅಂಥ ಅವಸರವೇನಿರಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ. 2023ರಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಬರಲು ಶುರುವಾದ ಮೇಲಂತೂ ಆ ಯಜಮಾನಿಕೆಗೆ ಕಳೆ ಬಂದಿದೆ. ಸೊಸೆ ಇಂದು ಒಳಗೆ ಬಂದು ನಾಳೆ ಬೇರೆ ಕಾರ್ಡು ಕೇಳಿದರೆ? ಎರಡೂ ಮನೆಗೆ ಹೋಗಿ, ಎರಡೂ ಕಡೆ ಕಾಫಿ ಕುಡಿದು, ಇಬ್ಬರು ಯಜಮಾನಿಯರನ್ನೂ ಒಪ್ಪಿಸಿದವರು ಮಾವ. ಕೃಷ್ಣ ಸಂಧಾನದಲ್ಲಿ ಕೃಷ್ಣನಿಗೇ ಇಷ್ಟು ಯಶಸ್ಸು ಸಿಕ್ಕಿರಲಿಲ್ಲ.

ತವರಿನ ಕಾರ್ಡಿನಿಂದ ಹೆಸರು ಬಿಟ್ಟಿತು. ಸೇರಿಸುವ ದಿನ ನಾನೂ ಹೋಗಿದ್ದೆ, ಡ್ರೈವರ್ ಹುದ್ದೆಯ ಮೇಲೆ. ಸರ್ವರ್ ಎದ್ದಿತ್ತು. ಕಂಪ್ಯೂಟರ್ ಮುಂದೆ ಕೂತ ಹುಡುಗ ಆಧಾರ್ ನಂಬರ್ ಹೊಡೆದ, ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರ್ ಹೊಡೆದ, ಮಗುವಿನ ಜನನ ಪ್ರಮಾಣಪತ್ರ ನೋಡಿದ. ಅವಳು ಹೆಬ್ಬೆಟ್ಟು ಒತ್ತಿದಳು, ಹಸಿರು ದೀಪ ಬಂತು. ಇನ್ನೇನು ಮುಗಿಯಿತು ಎನ್ನುವಾಗ ಮಾವನ ಕೈ ಕವರಿನೊಳಗೆ ಹೋಯಿತು. ನನ್ನೆದೆ ಧಸಕ್ಕೆಂದಿತು. "ಮಾವ, ಕೇಳಿಲ್ಲ ಅವರು" ಎಂದೆ. "ಯಾವುದಕ್ಕೂ ಇರ್ಲಿ ಅಳಿಯಂದ್ರೆ" ಎನ್ನುತ್ತ ಅವಳ ವೋಟರ್ ಐಡಿಯ ಪ್ರತಿಯನ್ನೂ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನೂ ಮೇಜಿನ ಮೇಲೆ ಸರಿಸಿದರು.

ಹುಡುಗ ಸುಮ್ಮನೆ ಕಣ್ಣಾಡಿಸಿದ. ಮತ್ತೆ ಕಣ್ಣಾಡಿಸಿದ. ಮೌಸ್ ಮೇಲಿದ್ದ ಕೈ ತೆಗೆದ. ಆಧಾರ್‌ನಲ್ಲಿ ಅವಳ ಹುಟ್ಟಿದ ದಿನ ಜನವರಿ 1. ಅದರಲ್ಲೇನೂ ವಿಶೇಷವಿಲ್ಲ, ಆಧಾರ್ ಪ್ರಕಾರ ನಮ್ಮ ಬೀದಿಯ ಅರ್ಧ ಜನ ಹುಟ್ಟಿದ್ದು ಜನವರಿ 1ಕ್ಕೇ. ಮಾರ್ಕ್ಸ್ ಕಾರ್ಡಿನಲ್ಲಿ ಜೂನ್, ವರ್ಷವೂ ಬೇರೆ. ವೋಟರ್ ಐಡಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಿನಿಂದ ಮುಂದಕ್ಕೆ ಬಂದಿತ್ತು. ಜೊತೆಗೆ ಗಂಡನ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು, ಅಪ್ಪನ ಹೆಸರಿಗೆ ಇನ್ಯಾರದೋ ಊರು. "ಮೂರರಲ್ಲಿ ಮೂರು ಥರ ಇದೆಯಲ್ಲ ಯಜಮಾನ್ರೇ? ಆಧಾರ್ ತಿದ್ದಿಸ್ಕೊಂಡು ಬಂದುಬಿಡಿ" ಎಂದ. ಹಿಂದಿದ್ದವರು ಆಗಲೇ ಕೌಂಟರಿಗೆ ಮೊಣಕೈ ಊರಿದ್ದರು.

ಹೊರಗೆ ಬಂದಾಗ ಆಕೆ ಅಳುವುದೊಂದು ಬಾಕಿ. ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮಾವನ ಮುಖ ಮಾತ್ರ ಬೆಳಗುತ್ತಿತ್ತು. "ಒಳ್ಳೇದೇ ಆಯ್ತು ಅಳಿಯಂದ್ರೆ! ಈಗ್ಲೇ ಸಿಕ್ಕಿತು. ನಾಳೆ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಮೇಲೆ ಮಲಗಿದ್ದಾಗ ಹೆಸರು ಹೊಂದಲ್ಲ ಅಂದಿದ್ರೆ?" ಎಂದರು. ಅಷ್ಟು ಸಿಟ್ಟಿನಲ್ಲೂ ನನಗೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಆ ಮಾತು ನಿಜ. ಜನ ಕಾರ್ಡಿಗೆ ಸಾಯುವುದು ಬರೀ ಅಕ್ಕಿಗಲ್ಲ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಸಂಸಾರಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಖರ್ಚಿನಲ್ಲಿ ಸರ್ಕಾರದ್ದು ಶೇಕಡಾ 30 ಮಾತ್ರ, ಉಳಿದದ್ದು ನಿಮ್ಮ ಪಾಡು. ಎದೆಯಲ್ಲಿ ಸ್ಟೆಂಟ್ ಹಾಕಿಸಿಕೊಳ್ಳಬೇಕಾದವನಿಗೆ ಈ ವ್ಯತ್ಯಾಸವೆಂದರೆ ಎಮ್ಮೆಯೋ, ಮನೆಯೋ, ಮಗಳ ಓಲೆಯೋ. ಆಧಾರ್ ತಿದ್ದಿಸಿ ಮತ್ತೆ ಅರ್ಜಿ ಕೊಡುವವರೆಗೂ ಮಾವ ಆಕೆಯ ಬೆನ್ನು ಬಿಡಲಿಲ್ಲ, ನನ್ನ ಸ್ಕೂಟರನ್ನೂ ಬಿಡಲಿಲ್ಲ. ಈಗ ಅವಳ ಹೆಸರು ಕಾರ್ಡಿನಲ್ಲಿದೆ. ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಅದು ಬೇರೆ ವಿಷಯ.

ಬೈದುಕೊಳ್ಳುತ್ತಲೇ ಒಮ್ಮೆ ನ್ಯಾಯಬೆಲೆ ಅಂಗಡಿಯ ಮುಂದೆ ಅವರನ್ನು ನೋಡುತ್ತ ನಿಂತಿದ್ದೆ. ಇ-ಕೆವೈಸಿ ಗಡುವು. ಹುಣಸೆಹಣ್ಣು ಕುಟ್ಟುವ ಅಜ್ಜಿಯೊಬ್ಬಳ ಬೆರಳನ್ನು ಯಂತ್ರ ಒಪ್ಪುತ್ತಿರಲಿಲ್ಲ. ಬಲಗೈ ಐದು ಬೆರಳೂ ಆಯಿತು, ಎಡಗೈಗೆ ಬಂತು. ವರ್ಷಗಟ್ಟಲೆ ಹುಣಸೆಯ ಹುಳಿಗೆ ತುದಿ ನುಣ್ಣಗಾಗಿ ಗೆರೆಯೇ ಉಳಿದಿರಲಿಲ್ಲ. ಅಂಗಡಿಯವನು, "ಅಜ್ಜಿ, ಅಳಿಸಿಹೋಗಿದೀಯ ನೀನು" ಎಂದು ನಕ್ಕ. ಮಾವ ನಗಲಿಲ್ಲ. ಹೆಗಲ ಟವೆಲ್ಲಿನ ತುದಿಯನ್ನು ನೀರಲ್ಲಿ ಅದ್ದಿ ಅವಳ ಹೆಬ್ಬೆರಳನ್ನು ಒರೆಸಿದರು. ಉಗುರಿನ ಸಂದಿಯ ಕಂದು ಬಣ್ಣ ಟವೆಲ್ಲಿಗೆ ಬಂತು. ಆರಲು ಬಿಟ್ಟು, ತಾವೇ ಹಿಡಿದು, ಓರೆಯಾಗಿ, ಉಗುರಿನ ಬದಿಯಿಂದ ಒತ್ತಿಸಿದರು. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಕೀಂ ಎಂದಿತು. ಅಜ್ಜಿ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಹೋದಳು, ಯಾರಾದರೂ ಕಿತ್ತುಕೊಂಡಾರು ಎನ್ನುವಂತೆ. ಅನ್ನಭಾಗ್ಯ 2013ರ ಜುಲೈನಲ್ಲಿ ಶುರುವಾದಾಗಿನಿಂದ ಎಷ್ಟು ಸಲ ಬದಲಾಗಿದೆ! ಕೆ.ಜಿ.ಗೆ 1 ರೂಪಾಯಿ ಇದ್ದದ್ದು ಪುಕ್ಕಟೆಯಾಯಿತು. 2023ರಲ್ಲಿ ಹೆಚ್ಚಿನ ಅಕ್ಕಿ ಸಿಗದೆ 5 ಕೆ.ಜಿ.ಯ ಬದಲು ತಲೆಗೆ 170 ರೂಪಾಯಿ ಬ್ಯಾಂಕಿಗೆ ಬಂತು. 2025ರ ಫೆಬ್ರವರಿಯಲ್ಲಿ ದುಡ್ಡು ಹೋಗಿ ಮತ್ತೆ ಅಕ್ಕಿ ಬಂತು. ಪ್ರತಿ ಬದಲಾವಣೆಯನ್ನೂ ಇಂಥ ಅಜ್ಜಿಯರಿಗೆ ತಿಳಿಯುವ ಮಾತಿನಲ್ಲಿ ಹೇಳುತ್ತ ಬಂದವರು ಮಾವನಂಥ ಸಂಬಳವಿಲ್ಲದವರು. ಬಡವರಾಗಿರುವುದಕ್ಕೆ ಏನೂ ಬೇಕಿಲ್ಲ, ಬಡವರೆಂದು ತೋರಿಸಲು ಒಂದು ಬೀರು ಕಾಗದ ಬೇಕು ಎಂದು ನಾನು ಅಲ್ಲೇ ಒಂದು ಲೇಖನವನ್ನೇ ಮನಸ್ಸಿನಲ್ಲಿ ಬರೆಯಲು ಹೊರಟಿದ್ದೆ. "ಅಳಿಯಂದ್ರೆ, ಗಾಡಿ ತೆಗೀರಿ, ಬ್ಯಾಂಕ್ ಬಾಗಿಲು ಹಾಕ್ತಾರೆ" ಎಂದು ಮಾವ ಕೂಗಿದರು.

2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡು ರದ್ದತಿಯ ಗದ್ದಲವಾಯಿತಲ್ಲ, ಆಗ ನಮ್ಮೂರಲ್ಲಿ ಕಾರ್ಡು ಹೋದವರೆಲ್ಲ ಮಾವನ ಜಗುಲಿಯಲ್ಲಿ ಸೇರಿದರು. ಸರ್ಕಾರಿ ನೌಕರರನ್ನೂ ಆದಾಯ ತೆರಿಗೆ ಕಟ್ಟುವವರನ್ನೂ ಬಿಟ್ಟು ಮಿಕ್ಕವರ ಕಾರ್ಡು ವಾಪಸ್ ಕೊಡುತ್ತೇವೆ ಎಂದು ಸರ್ಕಾರ ಹೇಳಿತು. ಮಾವ ಒಬ್ಬೊಬ್ಬರದೂ ಅರ್ಜಿ ಬರೆದುಕೊಟ್ಟರು. ಕೊನೆಗೆ ತಮ್ಮದೇ ನಂಬರ್ ಹಾಕಿ ನೋಡಿದರೆ ಎಪಿಎಲ್ ಎಂದು ತೋರಿಸುತ್ತಿದೆ!

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಮಗ ಬೆಂಗಳೂರಲ್ಲಿ ಮನೆಮನೆಗೆ ಊಟ ಮುಟ್ಟಿಸುವ ಕೆಲಸದಲ್ಲಿದ್ದಾನೆ. ಅದಕ್ಕೆ ಬೈಕು ಬೇಕು, ಬೈಕಿಗೆ ಸಾಲ ಬೇಕು. ಸಾಲಕ್ಕೆ ಐಟಿ ರಿಟರ್ನ್ಸ್ ಇದ್ದರೆ ಒಳ್ಳೆಯದು ಎಂದರಂತೆ. ಕಡ್ಡಾಯವೇನಲ್ಲ. ಹುಡುಗ ಅನುಮಾನಿಸಿ ಅಪ್ಪನಿಗೆ ಫೋನ್ ಮಾಡಿ ಕೇಳಿದ್ದಾನೆ. ಅಪ್ಪ ಏನು ಹೇಳಿರಬಹುದೆಂದು ನಾನು ಬರೆಯಬೇಕಾಗಿಲ್ಲ. ತೆರಿಗೆ ಕಟ್ಟಿದ್ದು ಸೊನ್ನೆ. ಆದರೆ ಮಗನ ಹೆಸರು ಇನ್ನೂ ಇವರ ಕಾರ್ಡಿನಲ್ಲೇ ಇದೆ, ರಿಟರ್ನ್ಸ್ ಸಲ್ಲಿಸಿದವನ ಸಂಸಾರ ಶ್ರೀಮಂತರ ಪಟ್ಟಿಗೆ ಹೋಯಿತು. ಅತ್ತೆಯ ಮಂಡಿ ಆಪರೇಷನ್ ಅಲ್ಲಿಗೇ ನಿಂತಿದೆ.

ಬ್ರೋಕರೊಬ್ಬ, ಮಗ ಬೇರೆ ಇದ್ದಾನೆಂದು ಸುಳ್ಳು ಬಾಡಿಗೆ ಕರಾರು ಮಾಡಿಸಿಕೊಡುತ್ತೇನೆ, ಹೊಸ ಕಾರ್ಡು ಬರುತ್ತದೆ ಎಂದು ಬಂದ. ಮಾವ ಅವನಿಗೆ ಕಾಫಿ ಕೊಟ್ಟು ಕಳಿಸಿದರು. ತೆರಿಗೆ ಕಟ್ಟುವುದು ಬೇರೆ, ರಿಟರ್ನ್ಸ್ ಸಲ್ಲಿಸುವುದು ಬೇರೆ ಎಂದು ಎರಡು ಪುಟದ ಅರ್ಜಿ ಬರೆದರು. ಸೊನ್ನೆಗೆ ಕೆಂಪು ಇಂಕಿನಲ್ಲಿ ಗೆರೆ ಎಳೆದರು. ಕೊಟ್ಟು ಬಂದು, "ತೆಗೆದದ್ದೂ ಕಾಗದ ನೋಡೇ ಅಲ್ವಾ ಅಳಿಯಂದ್ರೆ? ಕಾಗದ ನೋಡೇ ವಾಪಸ್ ಕೊಡ್ಲಿ" ಎಂದರು. ಅರ್ಜಿ ಪರಿಶೀಲನೆಯಲ್ಲಿದೆ ಎಂದು ಕಂಪ್ಯೂಟರ್ ಹೇಳುತ್ತದೆ. ಇವರೂ ವಾರಕ್ಕೊಮ್ಮೆ ಹೋಗಿ ಅದನ್ನು ಓದಿಕೊಂಡು ಬರುತ್ತಾರೆ.

ಸುಮ್ಮನೆ ಕೂರುವ ಜಾತಿಯಲ್ಲ. ಈ ಬಿಡುವಿನಲ್ಲಿ ನಮ್ಮ ಮನೆತನದ ವಂಶವೃಕ್ಷಕ್ಕೆ ಕೈಹಾಕಿದ್ದಾರೆ, ಹಳೇ ಪಹಣಿ ತಿದ್ದಿಸಲು ಬೇಕಾಗುತ್ತದಂತೆ. ನಿನ್ನೆ ಸಂಜೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ನನ್ನ ಹೆಂಡತಿಯ ಎದುರಿಗೇ ಕೇಳಿದರು:

"ಅಳಿಯಂದ್ರೆ, ನಿಮ್ಮ ತಾತಂಗೆ ಅರಸೀಕೆರೆ ಕಡೆ ಇನ್ನೊಂದು ಸಂಸಾರ ಇತ್ತು ಅಂತಾರಲ್ಲ, ನಿಜವೇ?"

"ಯಾರಿಗೆ ಗೊತ್ತು ಮಾವ? ಊರವರ ಮಾತು. ಅದೆಲ್ಲ ಯಾಕೀಗ?"

"ಒಂದು ಕೊಂಬೆ ಜಾಗ ಬಿಟ್ಟಿರ್ತೀನಿ. ಯಾವುದಕ್ಕೂ ಇರ್ಲಿ."