ಬತ್ತಲೆ ಕೌದಿ

ಕೌದಿ ಹೊಲಿಯುವವರ ಜೀವ ಹಿಂಡುವುದು ಅಂಚು. ಕಾರವಾರದಲ್ಲಿ ಟೇಲರ್ ಹತ್ತಿರ ಒಯ್ದರೆ, "ಸೂಜಿ ಮುರೀತದೆ ಅಕ್ಕೋರೆ" ಎಂದು ದೂರದಿಂದಲೇ ಕೈ ಮುಗಿಯುತ್ತಾನೆ.

ಅಂಕೋಲೆಯಿಂದ ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳದ ಕಡೆ ಹೋಗಿ ನೋಡಿ. ಸಿದ್ದಿ ಹೆಂಗಸರಿಗೆ ಈ ತಲೆನೋವೇ ಇಲ್ಲ. ಅವರು ಶುರು ಮಾಡುವುದೇ ಅಂಚಿನಿಂದ. ಹಳೇ ಸೀರೆಯ ಮೇಲೆ ತುಂಡು ಬಟ್ಟೆಗಳ ಅಂಚು ಮಡಚಿಡುತ್ತ, ದಾರ ಓಡಿಸುತ್ತ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ನಾವು ದೀಪಾವಳಿಗೆ, ಯುಗಾದಿಗೆ ಎಂದು ಮುಂದೂಡುವ ಕೆಲಸ ಅಲ್ಲಿ ಮೊದಲ ಸುತ್ತಿಗೇ ಖಲಾಸ್! ಆಮೇಲೆ ನಾಲ್ಕು ಮೂಲೆಗೂ ಮುಕ್ಕೋನವಾಗಿ ಮಡಚಿದ ಬಟ್ಟೆಯ 'ಫುಲ' ಬೇಕೇ ಬೇಕು. ಇಲ್ಲದಿದ್ದರೆ ಕೌದಿ ಬತ್ತಲೆಯಂತೆ.

ಆ ಲೆಕ್ಕದಲ್ಲಿ ನಮ್ಮ ಮನೆಯ ಕೌದಿಗಳೆಲ್ಲ ಮಾನ ಬಿಟ್ಟವೇ. ಆದರೂ ಮಳೆಗಾಲದಲ್ಲಿ ಅವಕ್ಕಾಗಿ ಜಗಳ ತಪ್ಪಿಲ್ಲ. ಕಾರವಾರದ ಆಷಾಢದಲ್ಲಿ ತೊಳೆದ ಕೌದಿ ಒಣಗುವುದು ಚೌತಿಗೇ.